ಒಂಬತ್ತು ಬಾನೊವಿನಾಗಳ ಮರದ ನಕ್ಷೆ: ಕುಶಾಲನಗರದಲ್ಲಿ ಮಾಡಿಸಿದ ಒಂದು ಜೋಡಣೆ-ನಕ್ಷೆಯ ವಿಮರ್ಶೆ

ಕುಶಾಲನಗರದ ಲೇಸರ್ ಕಟಿಂಗ್ ಅಂಗಡಿಯೊಂದರಲ್ಲಿ ನಮ್ಮ ಕಾಲೇಜಿನ ಇತಿಹಾಸ ವಿಭಾಗಕ್ಕಾಗಿ ಮಾಡಿಸಿದ ಯುಗೊಸ್ಲಾವಿಯಾ ರಾಜ್ಯದ ಜೋಡಣೆ-ನಕ್ಷೆಯನ್ನು ಒಂದು ಶೈಕ್ಷಣಿಕ ವರ್ಷ ಪೂರ್ತಿ ತರಗತಿಯಲ್ಲಿ ಬಳಸಿದ ಮೇಲೆ ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋಂಸ್ಟೇಗಳ ನಾಮಫಲಕ, ಮದುವೆಯ ನೆನಪಿನ ಕಾಣಿಕೆ, ಕೌಟುಂಬಿಕ ಹಾಕಿ ಪಂದ್ಯಾವಳಿಗಳ ಪಾರಿತೋಷಕ ಇವೇ ಆ ಅಂಗಡಿಯ ನಿತ್ಯದ ವ್ಯವಹಾರ. ಅಲ್ಲಿಗೆ ಹೋಗಿ ಎರಡು ಮಹಾಯುದ್ಧಗಳ ನಡುವಿನ ಒಂದು ಯುರೋಪಿಯನ್ ಅರಸೊತ್ತಿಗೆಯ ಪ್ರಾಂತ್ಯಗಳನ್ನು ಕತ್ತರಿಸಿಕೊಡಿ ಎಂದಾಗ ಅವರು ಮುಖ ಮುಖ ನೋಡಿಕೊಳ್ಳಲಿಲ್ಲ ಎಂಬುದೇ ಅವರ ಮೊದಲ ಗುಣ. ಈ ರಾಜ್ಯವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಹಲವು ಜನಾಂಗಗಳ ನಾಡೊಂದರ ಒಳಗಡಿಗಳನ್ನು ಇಪ್ಪತ್ತೊಂದು ವರ್ಷಗಳೊಳಗೆ ಮೂರು ಬಗೆಯಲ್ಲಿ ಎಳೆದು ನೋಡಿದ ಇನ್ನೊಂದು ರಾಜ್ಯದ ಉದಾಹರಣೆ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಮತ್ತು ಆ ಮೂರನ್ನೂ ಒಂದರ ಪಕ್ಕ ಒಂದಿಟ್ಟು ಕೈಯಿಂದ ಮುಟ್ಟಿ ನೋಡುವಂಥ ಸಾಧನ ಮಾರುಕಟ್ಟೆಯಲ್ಲಿ ನನಗೆ ಎಲ್ಲೂ ಸಿಕ್ಕಿರಲಿಲ್ಲ.

ನಕ್ಷೆಯ ರಚನೆ ಹೀಗಿದೆ. ಸುಮಾರು ಮೂರು ಅಡಿ ಅಗಲದ ಮೂರು ಹಲಗೆಗಳು, ಮೂರೂ ಒಂದೇ ಅಳತೆಯವು, 6 ಮಿ.ಮೀ. ದಪ್ಪದ ಎಂಡಿಎಫ್‌ನಲ್ಲಿ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಕತ್ತರಿಸಿದವು. ಪ್ರತಿ ಹಲಗೆಯಲ್ಲಿಯೂ ರಾಜ್ಯದ ಹೊರಗಡಿಯ ಆಕಾರದ ಗುಣಿಯಿದ್ದು, ತುಂಡುಗಳನ್ನು ಅದರೊಳಗೆ ಕೂರಿಸಬೇಕು. ಮೊದಲ ಹಲಗೆ 1918ರ ಡಿಸೆಂಬರ್ 1ರಂದು ಸರ್ಬ್, ಕ್ರೋಟ್ ಮತ್ತು ಸ್ಲೊವೀನರ ರಾಜ್ಯ (ಮುಂದೆ ಯುಗೊಸ್ಲಾವಿಯಾ) ಘೋಷಣೆಯಾದಾಗ ಅದರೊಳಗೆ ಬಂದು ಸೇರಿದ ಹಳೆಯ ಸೀಮೆಗಳದ್ದು: ಸರ್ಬಿಯಾ, ಮಾಂಟೆನೆಗ್ರೊ, ಬೋಸ್ನಿಯಾ-ಹರ್ಜೆಗೊವಿನಾ, ಕ್ರೊವೇಷಿಯಾ-ಸ್ಲವೋನಿಯಾ, ಡಾಲ್ಮೇಷಿಯಾ, ಸ್ಲೊವೀನರ ನಾಡು, ಹಂಗೇರಿಯಿಂದ ಬಂದ ವೋಯ್ವೊದಿನಾ. ಎರಡನೆಯದು 1922ರ 33 ‘ಒಬ್ಲಾಸ್ತ್’ಗಳದ್ದು, ಅಂದರೆ ಸಣ್ಣ ಆಡಳಿತ ವಿಭಾಗಗಳದ್ದು. ಮೂರನೆಯದು 1929ರ ಒಂಬತ್ತು ‘ಬಾನೊವಿನಾ’ಗಳದ್ದು, ಅಂದರೆ ದೊಡ್ಡ ಪ್ರಾಂತ್ಯಗಳದ್ದು, ಜೊತೆಗೆ ಬೆಲ್‌ಗ್ರೇಡ್ ನಗರಕ್ಕೆ ಒಂದು ಪುಟ್ಟ ತುಂಡು. ನದಿಗಳನ್ನು ಮೂರೂ ಹಲಗೆಗಳ ತುಂಡುಗಳ ಮೇಲೆ ತೆಳುವಾಗಿ ಕೊರೆದು ನೀಲಿ ಬಣ್ಣ ತುಂಬಿಸಿದ್ದೇನೆ. ಇದಕ್ಕೆ ಅಂಗಡಿಯವರು ಹೆಚ್ಚುವರಿ ಹಣ ತೆಗೆದುಕೊಂಡರು, ಆದರೆ ಇಡೀ ನಕ್ಷೆಯಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಭಾಗ ಅದೇ.

ಎರಡನೆಯ ಹಲಗೆ ಜೋಡಿಸಲು ಬಹಳ ಬೇಸರ ಹುಟ್ಟಿಸುತ್ತದೆ, ಮತ್ತು ಅದು ಹಾಗೆಯೇ ಇರಬೇಕು. 1921ರ ಜೂನ್ 28ರಂದು ಅಂಗೀಕಾರವಾದ ವಿಡೋವ್‌ದಾನ್ ಸಂವಿಧಾನವು ಕೇಂದ್ರೀಕೃತ ರಾಜ್ಯವನ್ನು ಬಯಸಿತು. ಫ್ರಾನ್ಸಿನ ದೆಪಾರ್ತ್‌ಮಾಂಗಳ ಮಾದರಿಯಲ್ಲಿ ಹಳೆಯ ಸೀಮೆಗಳನ್ನು ಚಿಕ್ಕ ಚಿಕ್ಕ ಆಡಳಿತ ವಿಭಾಗಗಳಾಗಿ ಒಡೆದು, ಒಂದು ಒಬ್ಲಾಸ್ತ್‌ನಲ್ಲಿ 8 ಲಕ್ಷಕ್ಕಿಂತ ಹೆಚ್ಚು ಜನ ಇರಬಾರದು ಎಂಬ ಮಿತಿಯನ್ನು ಹಾಕಿತು. 1922ರ ಏಪ್ರಿಲ್‌ನ ಆದೇಶ ಆ ಲೆಕ್ಕದ ಮೇಲೆ 33 ತುಂಡು ಮಾಡಿತು. ಮೊದಲ ಹಲಗೆಯಿಂದ ಎರಡನೆಯದಕ್ಕೆ ಬರುವ ವಿದ್ಯಾರ್ಥಿಗೆ ಕ್ರೊವೇಷಿಯಾ ಎಲ್ಲಿ ಹೋಯಿತು, ಸರ್ಬಿಯಾ ಎಲ್ಲಿ ಹೋಯಿತು ಎಂದು ತಕ್ಷಣ ಕಾಣುವುದಿಲ್ಲ. ಬೋಸ್ನಿಯಾ ಮಾತ್ರ ಕಾಣುತ್ತದೆ. ಅದರ ಆರು ಒಬ್ಲಾಸ್ತ್‌ಗಳ ತುಂಡುಗಳನ್ನು ಜೋಡಿಸಿದರೆ ಮೊದಲ ಹಲಗೆಯ ಬೋಸ್ನಿಯಾ-ಹರ್ಜೆಗೊವಿನಾ ಗುಣಿಯೊಳಗೆ ಹಾಗೆಯೇ ಕೂತುಕೊಳ್ಳುತ್ತವೆ. ಇದು ಆಕಸ್ಮಿಕವಲ್ಲ. ಮೆಹ್ಮೆದ್ ಸ್ಪಾಹೋ ಅವರ ಯುಗೊಸ್ಲಾವ್ ಮುಸ್ಲಿಂ ಸಂಘಟನೆ ಸಂವಿಧಾನಕ್ಕೆ ಮತ ಹಾಕಬೇಕಾದರೆ ಬೋಸ್ನಿಯಾದ ಹೊರಗಡಿಯನ್ನು ಮುರಿಯಬಾರದು ಎಂಬ ಷರತ್ತನ್ನು ಒಡ್ಡಿ, ಅದನ್ನು ಸಂವಿಧಾನದ 135ನೆಯ ವಿಧಿಯಲ್ಲಿ ಬರೆಸಿಕೊಂಡಿತ್ತು. ಪಠ್ಯದಲ್ಲಿ ಒಂದು ಸಾಲಿನ ಅಡಿಟಿಪ್ಪಣಿಯಾಗಿ ಕಳೆದುಹೋಗುವ ಈ ಸಂಗತಿಯನ್ನು ಆರು ತುಂಡುಗಳನ್ನು ಒಂದು ಹಲಗೆಯಿಂದ ಇನ್ನೊಂದಕ್ಕೆ ಎತ್ತಿಟ್ಟು ತೋರಿಸಬಹುದಾದ್ದೇ ಈ ಸಾಧನಕ್ಕೆ ಕೊಟ್ಟ ಹಣವನ್ನು ಅರ್ಧದಷ್ಟು ತೀರಿಸಿತು.

ಉಳಿದ ಅರ್ಧ ಮೂರನೆಯ ಹಲಗೆಯದು. 1928ರ ಜೂನ್ 20ರಂದು ಬೆಲ್‌ಗ್ರೇಡ್‌ನ ಸಂಸತ್ತಿನಲ್ಲಿಯೇ ಮಾಂಟೆನೆಗ್ರೊ ಮೂಲದ ಸದಸ್ಯ ಪುನಿಶಾ ರಾಚಿಚ್ ಹಾರಿಸಿದ ಗುಂಡಿಗೆ ಕ್ರೊವೇಷಿಯಾದ ರೈತ ಪಕ್ಷದ ಇಬ್ಬರು ಸದಸ್ಯರು ಸತ್ತರು. ಗಾಯಗೊಂಡ ನಾಯಕ ಸ್ತ್ಯೆಪಾನ್ ರಾದಿಚ್ ಆಗಸ್ಟ್ 8ರಂದು ತೀರಿಕೊಂಡರು. 1929ರ ಜನವರಿ 6ರಂದು ದೊರೆ ಅಲೆಕ್ಸಾಂಡರ್ ಸಂವಿಧಾನವನ್ನು ರದ್ದುಮಾಡಿ, ಸಂಸತ್ತನ್ನು ವಿಸರ್ಜಿಸಿ, ಅಧಿಕಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡ. ಅದೇ ವರ್ಷ ಅಕ್ಟೋಬರ್ 3ರ ಕಾನೂನು ರಾಜ್ಯದ ಹೆಸರನ್ನು ಯುಗೊಸ್ಲಾವಿಯಾ ಎಂದು ಬದಲಿಸಿ, 33 ಒಬ್ಲಾಸ್ತ್‌ಗಳ ಜಾಗದಲ್ಲಿ ಒಂಬತ್ತು ಬಾನೊವಿನಾಗಳನ್ನು ತಂದಿತು. ಪ್ರತಿಯೊಂದಕ್ಕೂ ದೊರೆಯೇ ನೇಮಿಸುವ ಒಬ್ಬ ‘ಬಾನ್’. ಈ ಪದವಿ ಕ್ರೊವೇಷಿಯಾದ ಮಧ್ಯಯುಗದಿಂದ ಬಂದದ್ದು. ಕ್ರೋಟರ ಅಧಿಕಾರಿಯ ಬಿರುದನ್ನು ಎಲ್ಲರಿಗೂ ಹಂಚಿ, ಕ್ರೋಟರ ಗಡಿಯನ್ನು ಮಾತ್ರ ಕೈಬಿಟ್ಟ ಈ ಜಾಣತನ ನನಗೆ ಇವತ್ತಿಗೂ ವಿಚಿತ್ರವಾಗಿಯೇ ಕಾಣುತ್ತದೆ.

ಒಂಬತ್ತರಲ್ಲಿ ಎಂಟಕ್ಕೆ ನದಿಗಳ ಹೆಸರು: ದ್ರಾವಾ, ಸಾವಾ, ವರ್ಬಾಸ್, ದ್ರಿನಾ, ಝೇಟಾ, ಡ್ಯಾನ್ಯೂಬ್, ಮೊರಾವಾ, ವಾರ್ದಾರ್. ಸಮುದ್ರದ ದಂಡೆಯ ಒಂದಕ್ಕೆ ಮಾತ್ರ ಕರಾವಳಿ ಎಂಬ ಅರ್ಥದ ಪ್ರಿಮೋರ್ಸ್ಕಾ. ನದಿಯ ಹೆಸರಿಟ್ಟದ್ದು ಜನಾಂಗದ ಹೆಸರು ಎಲ್ಲಿಯೂ ಕೇಳಬಾರದೆಂದು. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನೀಲಿ ಗೆರೆ ತುಂಬಿದ ಈ ತುಂಡುಗಳು ಅದಕ್ಕಿಂತ ಒಂದು ಹೆಜ್ಜೆ ಮುಂದಿನ ಮಾತನ್ನು ಹೇಳುತ್ತವೆ. ಮೊದಲ ಹಲಗೆಯಲ್ಲಿ ದ್ರಿನಾ ನದಿ ಬೋಸ್ನಿಯಾಕ್ಕೂ ಸರ್ಬಿಯಾಕ್ಕೂ ನಡುವಿನ ಅಂಚಿನಲ್ಲಿದೆ; ಮೂರನೆಯ ಹಲಗೆಯಲ್ಲಿ ಅದೇ ನೀಲಿ ಗೆರೆ ದ್ರಿನಾ ಬಾನೊವಿನಾ ತುಂಡಿನ ಒಳಮೈಯಲ್ಲಿ ಹರಿಯುತ್ತದೆ. ಸಾರಯೇವೊ, ತುಜ್ಲಾ ಒಂದು ಕಡೆ, ಉಜಿತ್ಸೆ, ವಲ್ಯೆವೊ ಇನ್ನೊಂದು ಕಡೆ. ಡ್ಯಾನ್ಯೂಬ್ ಕೂಡ ಹಾಗೆಯೇ. 1918ರವರೆಗೆ ಬೆಲ್‌ಗ್ರೇಡ್‌ನ ಆಸುಪಾಸಿನಲ್ಲಿ ಆಸ್ಟ್ರಿಯಾ-ಹಂಗೇರಿಯನ್ನೂ ಸರ್ಬಿಯಾವನ್ನೂ ಬೇರೆ ಮಾಡುತ್ತಿದ್ದ ಆ ನೀರು, ನೋವಿಸಾದ್ ರಾಜಧಾನಿಯಾದ ಡ್ಯಾನ್ಯೂಬ್ ಬಾನೊವಿನಾದಲ್ಲಿ ಉತ್ತರದ ಬಾಚ್ಕಾ, ಬನಾತ್‌ಗಳನ್ನು ದಕ್ಷಿಣದ ಶುಮಾದಿಯಾಕ್ಕೆ ಹೊಲಿಯುವ ದಾರವಾಯಿತು. ಹಳೆಯ ಗಡಿಯನ್ನು ಅಳಿಸುವ ಬದಲು ಅದನ್ನು ಹೊಸ ಪ್ರಾಂತ್ಯದ ಮಧ್ಯಕ್ಕೆ ತಂದು ಹೂತುಬಿಡುವ ಕ್ರಮ ಇದು. ಪರೀಕ್ಷೆಗೆ ಓದಿದ ವಿದ್ಯಾರ್ಥಿಗಳೂ ಇದನ್ನು ಗಮನಿಸಿರಲಿಲ್ಲ. ನೀಲಿ ಗೆರೆಯ ಮೇಲೆ ಬೆರಳಿಟ್ಟು ಎರಡು ಹಲಗೆಗಳನ್ನು ಒಟ್ಟಿಗೆ ನೋಡಿದವರೆಲ್ಲ ಕೆಲವೇ ನಿಮಿಷಗಳಲ್ಲಿ ಕಂಡುಕೊಂಡರು.

ಇಲ್ಲಿಯ ಮಕ್ಕಳಿಗೆ ಇದನ್ನು ಅರ್ಥಮಾಡಿಸಲು ದೂರ ಹೋಗಬೇಕಾಗಿಲ್ಲ. ಕುಶಾಲನಗರದಲ್ಲಿ ಕಾವೇರಿಯ ಸೇತುವೆ ದಾಟಿದರೆ ಕೊಪ್ಪ, ಮೈಸೂರು ಜಿಲ್ಲೆ. ಯಾರೋ ಒಬ್ಬರು ಕಾವೇರಿಯನ್ನು ನಡುವೆ ಇಟ್ಟುಕೊಂಡು ಕುಶಾಲನಗರ, ಕೊಪ್ಪ, ಬೈಲಕುಪ್ಪೆ, ಪಿರಿಯಾಪಟ್ಟಣಗಳನ್ನು ಒಂದೇ ಜಿಲ್ಲೆ ಮಾಡಿ ಅದಕ್ಕೆ ಕಾವೇರಿ ಜಿಲ್ಲೆ ಎಂದು ಹೆಸರಿಟ್ಟರೆ ಕೊಡಗು ಎಂಬ ಹೆಸರನ್ನು ಎಲ್ಲಿಯೂ ಅಳಿಸಿದಂತಾಗುವುದಿಲ್ಲ, ಆದರೂ ಕೊಡಗಿನ ಅಂಚು ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ. ತರಗತಿಯಲ್ಲಿ ಇಷ್ಟು ಹೇಳಿದ ಕೂಡಲೇ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ, “ಹಾಗಾದ್ರೆ ಯಾರಿಗೆ ಓಟು ಜಾಸ್ತಿ ಬರ್ತದೆ ಮೇಡಂ?” ಎಂಬುದು. ಮುಂದಿನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಬೇಕಿರಲಿಲ್ಲ.

ಏಕೆಂದರೆ ಗೆರೆಗಳ ಹಿಂದೆ ಲೆಕ್ಕವಿತ್ತು. ಆಗಿನ ಅಧಿಕೃತ ಎಣಿಕೆಯ ಪ್ರಕಾರ ಒಂಬತ್ತರಲ್ಲಿ ಆರು ಬಾನೊವಿನಾಗಳಲ್ಲಿ ಸರ್ಬರು ಬಹುಸಂಖ್ಯಾತರು, ಸಾವಾ ಮತ್ತು ಪ್ರಿಮೋರ್ಸ್ಕಾಗಳಲ್ಲಿ ಕ್ರೋಟರು, ದ್ರಾವಾದಲ್ಲಿ ಸ್ಲೊವೀನರು. ಈ ಎಣಿಕೆಯಲ್ಲಿ ಮಾಂಟೆನೆಗ್ರೊದವರನ್ನೂ ಮೆಸಿಡೋನಿಯಾದವರನ್ನೂ ಸರ್ಬರೆಂದೇ ಹಿಡಿಯಲಾಗಿತ್ತು ಎಂಬುದನ್ನು ಮರೆಯಬಾರದು. 1931ರ ಜನಗಣತಿ ಧರ್ಮವನ್ನೂ ಮಾತೃಭಾಷೆಯನ್ನೂ ಕೇಳಿತೇ ಹೊರತು ಜನಾಂಗವನ್ನು ಕೇಳಲಿಲ್ಲ. ಹಂಗೇರಿಯನ್ನರೂ ಜರ್ಮನ್ನರೂ ಹೆಚ್ಚಿದ್ದ ಬಾಚ್ಕಾ, ಬನಾತ್‌ಗಳಿಗೆ ಸರ್ಬರೇ ತುಂಬಿದ್ದ ಶುಮಾದಿಯಾವನ್ನು ಸೇರಿಸಿದ್ದರಿಂದ ಡ್ಯಾನ್ಯೂಬ್ ಬಾನೊವಿನಾದ ತಕ್ಕಡಿ ಒಂದು ಕಡೆಗೆ ವಾಲಿತು. ಕೊಸೊವೊ ಸೀಮೆ ಝೇಟಾ, ಮೊರಾವಾ, ವಾರ್ದಾರ್ ಮೂರಕ್ಕೂ ಹಂಚಿಹೋಗಿ, ಅಲ್ಲಿಯ ಅಲ್ಬೇನಿಯನ್ನರು ಮೂರರಲ್ಲಿಯೂ ಅಲ್ಪಸಂಖ್ಯಾತರಾದರು. ಶತಮಾನಗಳಿಂದ ಆಡ್ರಿಯಾಟಿಕ್ ಕರಾವಳಿಯ ವ್ಯಾಪಾರದ ನಗರವಾಗಿದ್ದ ಡುಬ್ರೊವ್ನಿಕ್, ಡಾಲ್ಮೇಷಿಯಾದ ಉಳಿದ ಊರುಗಳ ಜೊತೆ ಪ್ರಿಮೋರ್ಸ್ಕಾದ ರಾಜಧಾನಿ ಸ್ಪ್ಲಿತ್‌ಗೆ ಸೇರದೆ, ಗುಡ್ಡದ ಮೇಲಿನ ತ್ಸೆತಿನ್ಯೆ ರಾಜಧಾನಿಯಾದ ಝೇಟಾಕ್ಕೆ ಹೋಯಿತು. ಮತ್ತು ಎರಡನೆಯ ಹಲಗೆಯಲ್ಲಿ ಇಡಿಯಾಗಿ ಉಳಿದಿದ್ದ ಬೋಸ್ನಿಯಾ ಇಲ್ಲಿ ವರ್ಬಾಸ್, ದ್ರಿನಾ, ಝೇಟಾ, ಪ್ರಿಮೋರ್ಸ್ಕಾ ಎಂದು ನಾಲ್ಕು ಪಾಲಾಗಿ, ಅದರ ಮುಸ್ಲಿಮರು ನಾಲ್ಕರಲ್ಲಿಯೂ ಅಲ್ಪಸಂಖ್ಯಾತರಾಗಿ ಉಳಿದರು. ಹಿಂದೆ ಗಡಿಯನ್ನು ಉಳಿಸಿಕೊಟ್ಟ 135ನೆಯ ವಿಧಿ ರದ್ದಾದ ಸಂವಿಧಾನದ ಜೊತೆಗೇ ಹೋಗಿತ್ತು.

ಹಾಗೆಂದು ಇಡೀ ಹಲಗೆಯನ್ನು ಒಂದೇ ಸಂಚಿನ ನಕ್ಷೆ ಎಂದು ಓದಿಸುವುದೂ ಸರಿಯಲ್ಲ, ಮತ್ತು ಅದಕ್ಕೂ ತುಂಡುಗಳೇ ಸಾಕ್ಷಿ. ಲ್ಯುಬ್ಲ್ಯಾನಾ ರಾಜಧಾನಿಯಾದ ದ್ರಾವಾ ಬಾನೊವಿನಾ ಹಿಂದಿನ ಲ್ಯುಬ್ಲ್ಯಾನಾ, ಮಾರಿಬೊರ್ ಒಬ್ಲಾಸ್ತ್‌ಗಳನ್ನು ಕೂಡಿಸಿದಂತಿದ್ದು, ರಾಜ್ಯದೊಳಗಿದ್ದ ಸ್ಲೊವೀನರನ್ನು ಹೆಚ್ಚುಕಡಿಮೆ ಒಂದೇ ಕಡೆ ತಂದಿತು. 1929ರಲ್ಲಿ ಸಾವಾಕ್ಕೆ ಹೋಗಿದ್ದ ಬೇಲಾ ಕ್ರಾಯಿನಾ ಪ್ರದೇಶದ ಮೆತ್ಲಿಕಾ, ಚರ್ನೊಮೆಲ್ 1931ರಲ್ಲಿ ದ್ರಾವಾಕ್ಕೆ ಮರಳಿದವು. ಅಂದರೆ ತಾನು ಜನಾಂಗವನ್ನು ಲೆಕ್ಕಿಸುವುದಿಲ್ಲ ಎಂದ ಸರ್ಕಾರ ಬೇಕಾದಲ್ಲಿ ಲೆಕ್ಕಿಸಿತ್ತು. ಸಣ್ಣ ಸಣ್ಣ ಒಬ್ಲಾಸ್ತ್‌ಗಳಿಗಿಂತ ದೊಡ್ಡ ಪ್ರಾಂತ್ಯಗಳಿಗೆ ರಸ್ತೆ, ಶಾಲೆ, ಆಸ್ಪತ್ರೆಗಳ ಹೊರೆ ಹೊರುವ ಶಕ್ತಿ ಹೆಚ್ಚು ಎಂಬ ವಾದದಲ್ಲಿಯೂ ಹುರುಳಿಲ್ಲದೆ ಇರಲಿಲ್ಲ. 2.47 ಲಕ್ಷ ಚದರ ಕಿಲೋಮೀಟರಿನಷ್ಟು, ಅಂದರೆ ನಮ್ಮ ಕರ್ನಾಟಕಕ್ಕಿಂತ ದೊಡ್ಡದಾದ ರಾಜ್ಯಕ್ಕೆ ಒಂಬತ್ತು ಪ್ರಾಂತ್ಯ ಎಂಬುದು ಸಂಖ್ಯೆಯಾಗಿ ಅತಿಯೇನಲ್ಲ. ತೊಂದರೆ ಸಂಖ್ಯೆಯಲ್ಲಿರಲಿಲ್ಲ, ಪ್ರಾಂತ್ಯದ ಬಾನ್ ಪ್ರಾಂತ್ಯದ ಜನರಿಗೆ ಉತ್ತರ ಕೊಡಬೇಕಾಗಿರಲಿಲ್ಲ ಎಂಬಲ್ಲಿತ್ತು. ಈ ಮಾತನ್ನು ಮಾತ್ರ ಯಾವ ಮರದ ತುಂಡೂ ಹೇಳಲಾರದು, ಅಧ್ಯಾಪಕರೇ ಹೇಳಬೇಕು.

ಇನ್ನು ಕೆಲಸದ ಗುಣಮಟ್ಟ. ಕತ್ತರಿಸುವ ಮೊದಲು ಪಿಡಿಎಫ್ ಕರಡನ್ನು ಕಳುಹಿಸಿ ಒಪ್ಪಿಗೆ ಪಡೆಯುವ ಪದ್ಧತಿ ಆ ಅಂಗಡಿಯಲ್ಲಿದೆ, ಅದರಿಂದ ದೊಡ್ಡ ಅನಾಹುತವೊಂದು ತಪ್ಪಿತು. ನಾನು ಕೊಟ್ಟ ನಕ್ಷೆಯ ಹೊರಗಡಿ ಮಸುಕಾಗಿದೆ ಎಂದು ಅವರ ಆಪರೇಟರ್ ಈಗಿನ ಕ್ರೊವೇಷಿಯಾದ ಗಡಿಯನ್ನು ಅಂತರ್ಜಾಲದಿಂದ ತೆಗೆದು ಹೊಂದಿಸಿದ್ದ. ಇದರಿಂದ ಇಸ್ಟ್ರಿಯಾ ಪರ್ಯಾಯದ್ವೀಪವೂ ಝಾದರ್ ನಗರವೂ ಯುಗೊಸ್ಲಾವಿಯಾದೊಳಗೆ ಬಂದುಬಿಟ್ಟಿದ್ದವು. 1920ರ ರಾಪಾಲೊ ಒಪ್ಪಂದದ ಪ್ರಕಾರ ಅವೆರಡೂ ಇಟಲಿಯವು. ಹೇಳಿದ ಮೇಲೆ ಗೊಣಗದೆ ತಿದ್ದಿಕೊಟ್ಟರು. ಡಾಲ್ಮೇಷಿಯಾದ ದ್ವೀಪಗಳನ್ನು ಬಿಡಿಬಿಡಿಯಾಗಿ ಕತ್ತರಿಸಿದರೆ ಒಂದು ವಾರವೂ ಉಳಿಯುವುದಿಲ್ಲ ಎಂದು ಅವರೇ ಸಲಹೆ ಕೊಟ್ಟು, ಅವುಗಳನ್ನು ಹಲಗೆಯ ಮೇಲೆಯೇ ಕೊರೆದರು. ಆ ಸಲಹೆ ಸರಿಯಾಗಿತ್ತು.

ಅಕ್ಷರಗಳ ವಿಷಯದಲ್ಲಿ ಅಷ್ಟು ತೃಪ್ತಿಯಿಲ್ಲ. ದೊಡ್ಡ ತುಂಡುಗಳ ಮೇಲೆ ಕನ್ನಡ ಚೆನ್ನಾಗಿ ಮೂಡಿದೆ, ಆದರೆ 33 ಒಬ್ಲಾಸ್ತ್‌ಗಳ ಸಣ್ಣ ತುಂಡುಗಳಲ್ಲಿ ಒತ್ತಕ್ಷರಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡು, ಮೋಸ್ತಾರ್, ಬಿಹಾಚ್ ಯಾವುದು ಎಂದು ಆಕಾರದಿಂದಲೇ ಗುರುತಿಸಬೇಕಾಗಿದೆ. ಮೇಲೆ ಅಂಟಿಸುವ ಟೇಪನ್ನು ಮೂರನೆಯ ಹಲಗೆಗೆ ಹಾಕಿ ಎರಡನೆಯದಕ್ಕೆ ಹಾಕದೆ ಬಿಟ್ಟಿದ್ದರಿಂದ ಅಂಚುಗಳಲ್ಲಿ ಹೊಗೆಯ ಕಲೆ ಹಾಗೆಯೇ ಉಳಿದಿದೆ, ಮೊದಮೊದಲು ತುಂಡು ಮುಟ್ಟಿದವರ ಬೆರಳೆಲ್ಲ ಕಪ್ಪಾಗುತ್ತಿತ್ತು.

ದೊಡ್ಡ ದೋಷ ಮಳೆಗಾಲದಲ್ಲಿ ಕಂಡಿತು. ಮಡಿಕೇರಿಯ ಜುಲೈ ತಿಂಗಳಿಗೆ ಎಂಡಿಎಫ್ ಹೇಳಿ ಮಾಡಿಸಿದ ವಸ್ತುವಲ್ಲ. ಬೇಸಿಗೆಯಲ್ಲಿ ಸಲೀಸಾಗಿ ಕೂರುತ್ತಿದ್ದ ತುಂಡುಗಳು ತೇವ ಹೀರಿ ಊದಿ, ಆಟಿ ತಿಂಗಳ ಹೊತ್ತಿಗೆ ಡ್ಯಾನ್ಯೂಬ್ ಬಾನೊವಿನಾ ತನ್ನ ಗುಣಿಯೊಳಗೆ ಇಳಿಯಲೇ ಇಲ್ಲ. ಬಲವಂತವಾಗಿ ಒತ್ತಿದಾಗ ಸಾವಾದ ಒಂದು ಮೂಲೆ ಪದರ ಬಿಟ್ಟುಕೊಂಡಿತು. ಅಂಚಿಗೆ ಸೀಲರ್ ಹಚ್ಚಿ ಕೊಡುತ್ತೇವೆ ಎಂದು ಹೇಳಿ ಹಣವನ್ನೂ ಪಡೆದಿದ್ದರು. ಹಚ್ಚಿದ್ದು ಮೇಲ್ಮೈಗೆ ಮಾತ್ರ, ನೀರು ಕುಡಿಯುವ ಅಂಚಿಗೆ ಹಚ್ಚಿರಲಿಲ್ಲ. ಕೇಳಿದಾಗ ಮತ್ತೆ ಹಚ್ಚಿಕೊಟ್ಟರು ನಿಜ, ಆದರೆ ಊದಿದ ಮೇಲೆ ಹಚ್ಚಿದ ಸೀಲರ್‌ನಿಂದ ಪ್ರಯೋಜನ ಅಷ್ಟಕ್ಕಷ್ಟೆ. ಈಗ ಹಲಗೆಗಳನ್ನು ಗಾದ್ರೆಜ್ ಬೀರುವಿನಲ್ಲಿ ಬಲ್ಬ್ ಉರಿಸಿಟ್ಟು ಕಾಪಾಡುತ್ತಿದ್ದೇವೆ. ಬೆಲ್‌ಗ್ರೇಡ್‌ನ ತುಂಡಂತೂ ಮೊದಲ ತಿಂಗಳಲ್ಲೇ ಕಳೆದುಹೋಯಿತು. ಜೆಮುನ್ ಮತ್ತು ಪಾನ್‌ಚೆವೊ ಸೇರಿಸಿಕೊಂಡು ಯಾವ ಬಾನೊವಿನಾಕ್ಕೂ ಸೇರದೆ ಪ್ರತ್ಯೇಕವಾಗಿದ್ದ ಆ ರಾಜಧಾನಿ ಕಡಲೆಬೀಜದ ಗಾತ್ರದಲ್ಲಿತ್ತು. ಅಷ್ಟು ಚಿಕ್ಕ ತುಂಡನ್ನು ಕತ್ತರಿಸುವ ಬದಲು ಹಿತ್ತಾಳೆಯ ಮೊಳೆಯೊಂದನ್ನು ಬಡಿದಿದ್ದರೆ ಸಾಕಾಗಿತ್ತು.

ಹೆಚ್ಚುವರಿಯಾಗಿ ಮಾಡಿಸಿದ 1939ರ ತುಂಡನ್ನು ಮಾತ್ರ ಮನಸಾರೆ ಮೆಚ್ಚಬಹುದು. 1934ರ ಅಕ್ಟೋಬರ್ 9ರಂದು ಅಲೆಕ್ಸಾಂಡರ್ ಮಾರ್ಸೇಯಲ್ಲಿ ಕೊಲೆಯಾದ ಮೇಲೆ ನಡೆದ ದೀರ್ಘ ಚೌಕಾಸಿಯ ಕೊನೆಗೆ, ಪ್ರಧಾನಿ ತ್ಸ್ವೆತ್ಕೊವಿಚ್ ಮತ್ತು ಕ್ರೋಟರ ನಾಯಕ ಮಾಚೆಕ್ ನಡುವಿನ 1939ರ ಆಗಸ್ಟ್ 26ರ ಒಪ್ಪಂದ ಕ್ರೊವೇಷಿಯಾ ಎಂಬ ಹೆಸರಿನ ಬಾನೊವಿನಾವನ್ನು ಹುಟ್ಟಿಸಿತು. ಸಾವಾ ಮತ್ತು ಪ್ರಿಮೋರ್ಸ್ಕಾ ಎರಡನ್ನೂ ಕೂಡಿಸಿ, ಅದರ ಮೇಲೆ ಡುಬ್ರೊವ್ನಿಕ್, ಬ್ರಚ್ಕೊ, ಗ್ರಡಾಚಾತ್ಸ್, ಡೆರ್ವೆಂತಾ, ಟ್ರಾವ್ನಿಕ್, ಫೊಯ್ನಿತ್ಸಾ, ಶಿದ್, ಇಲೊಕ್ ತಾಲ್ಲೂಕುಗಳನ್ನು ಇಟ್ಟರು. ಅಂಗಡಿಯವರು ಇದನ್ನು 3 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್‌ನಲ್ಲಿ ಕತ್ತರಿಸಿಕೊಟ್ಟಿದ್ದಾರೆ. ಮೂರನೆಯ ಹಲಗೆಯ ಮೇಲೆ ಇಟ್ಟರೆ ಕೆಳಗಿನ ಒಂಬತ್ತು ಬಾನೊವಿನಾಗಳ ಗೆರೆಗಳು ಕಾಣುತ್ತವೆ, ಮೊದಲ ಹಲಗೆಯ ಮೇಲೆ ಇಟ್ಟರೆ ಬೋಸ್ನಿಯಾದ ಹಳೆಯ ಗಡಿಯೊಳಗೆ ಅದು ಎಲ್ಲೆಲ್ಲಿ ಕೈಚಾಚಿದೆ ಎಂಬುದು ಕಾಣುತ್ತದೆ. ಹತ್ತು ವರ್ಷ ಹೆಸರೆತ್ತದೆ ಇಟ್ಟ ಜನಾಂಗವನ್ನು ಈಗ ಹೆಸರಿಟ್ಟು ಕರೆದದ್ದರಿಂದ ಒಬ್ಬರ ದೂರು ತೀರಿತು; ಬೋಸ್ನಿಯಾದ ಮುಸ್ಲಿಮರನ್ನು ಯಾರೂ ಕೇಳಲಿಲ್ಲ, ತಮಗೂ ಒಂದು ಪ್ರಾಂತ್ಯ ಬೇಕೆಂಬ ಕೂಗು ಸರ್ಬರಲ್ಲಿಯೂ ಎದ್ದಿತು. 1941ರ ಏಪ್ರಿಲ್ 6ರಂದು ಜರ್ಮನಿಯ ದಾಳಿ ಆರಂಭವಾದಾಗ ಈ ಗಡಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅಕ್ರಿಲಿಕ್ ಊದುವುದಿಲ್ಲ, ಬಾಗುವುದಿಲ್ಲ, ಅಕ್ಷರವೂ ಸ್ಪಷ್ಟ. ಇಡೀ ನಕ್ಷೆಯನ್ನು ಇದರಲ್ಲಿಯೇ ಮಾಡಿಸಿದ್ದರೆ ಖರ್ಚು ದುಪ್ಪಟ್ಟಿನ ಹತ್ತಿರ ಹೋಗುತ್ತಿತ್ತು.

ಇದೇ ಅಂಗಡಿಯಲ್ಲಿ ಕೊಡಗಿನ ಒಂದು ಹಲಗೆಯನ್ನೂ ಮಾಡಿಸಲು ಕೊಟ್ಟಿದ್ದೇನೆ. ಹಾಲೇರಿ ಅರಸರು ಲಿಂಗಾಯತರು. ಅವರ ಪ್ರಜೆಗಳಲ್ಲಿ ಕೊಡವರು, ಅರೆಭಾಷೆ ಗೌಡರು, ಯರವರು, ಕುರುಬರು, ಮಾಪಿಳ್ಳೆಗಳು ಎಲ್ಲರೂ ಇದ್ದರು. ಆದರೆ ಇಲ್ಲಿ ನಾಡುಗಳ ಗಡಿ ಅರಸರಿಗಿಂತ ಹಳೆಯದು, ಮೂವತ್ತೈದು ನಾಡು ಹನ್ನೆರಡು ಕೊಂಬು ಎಂಬ ಲೆಕ್ಕ ಜನರ ಬಾಯಲ್ಲಿಯೇ ಇದೆ, ಮತ್ತು ಬೆಟ್ಟದ ಸಾಲು, ತೋಡು, ಕಡಂಗಗಳು (ಹಳೆಯ ಕಂದಕಗಳು) ಆ ಗೆರೆಗಳನ್ನು ನೆಲದ ಮೇಲೆಯೇ ತೋರಿಸುತ್ತವೆ. 1834ರಲ್ಲಿ ಬ್ರಿಟಿಷರು ರಾಜ್ಯವನ್ನು ವಶಪಡಿಸಿಕೊಂಡು ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದ್ದನ್ನು ತೋರಿಸಲು ಎರಡು ತುಂಡುಗಳು ಹಲಗೆಯಿಂದ ಹೊರಬರುವಂತಿರಬೇಕು ಎಂದು ಹೇಳಿದ್ದೇನೆ. ಈ ಸಲ ಎಂಡಿಎಫ್ ಬೇಡ, ಪ್ಲೈವುಡ್ ಹಾಕಿ ಎಂದದ್ದಕ್ಕೆ ಒಪ್ಪಿದ್ದಾರೆ.

ಮೂರು ಹಲಗೆ, ನದಿಗಳ ಬಣ್ಣ, ಅಕ್ರಿಲಿಕ್ ತುಂಡು ಎಲ್ಲ ಸೇರಿ ಆರು ಸಾವಿರದ ಆಸುಪಾಸು ಆಯಿತು. ಬೆಂಗಳೂರಿನ ದರಕ್ಕೆ ಹೋಲಿಸಿದರೆ ಇದು ಹೆಚ್ಚಲ್ಲ. ಕೊಟ್ಟ ಮಾತಿನ ದಿನಕ್ಕೆ ಮುಗಿಯಲಿಲ್ಲ, ಆದರೆ ಮದುವೆಯ ಸೀಜನ್‌ನಲ್ಲಿ ಕೊಟ್ಟವರು ಅದನ್ನು ನಿರೀಕ್ಷಿಸಬೇಕು. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ, ಕಳೆದ ಅಂಕಗಳೆಲ್ಲ ವಸ್ತುವಿಗೂ ಸೀಲರ್‌ಗೂ ಸಂಬಂಧಿಸಿದವು. ಮಾಡಿಸುವ ಅಧ್ಯಾಪಕರು ಹೊರಗಡಿಯ ಸ್ಪಷ್ಟ ನಕ್ಷೆಯನ್ನು ತಾವೇ ಒಯ್ಯುವುದು, ಅಕ್ಷರದ ಗಾತ್ರವನ್ನು ಮೊದಲೇ ಒಂದು ತುಂಡಿನ ಮೇಲೆ ಕೊರೆಸಿ ನೋಡುವುದು, ಸೀಲರ್ ಹಚ್ಚುವಾಗ ಎದುರಿಗೇ ನಿಲ್ಲುವುದು ಒಳ್ಳೆಯದು. ಫೈಲನ್ನು ಅವರು ಅಳಿಸದೆ ಇಟ್ಟುಕೊಳ್ಳುತ್ತಾರೆ, ಕಳೆದುಹೋದ ತುಂಡನ್ನು ಬಿಡಿಯಾಗಿ ಕತ್ತರಿಸಿಕೊಡುತ್ತಾರೆ. ಬೆಲ್‌ಗ್ರೇಡ್‌ಗೆ ಇಪ್ಪತ್ತು ರೂಪಾಯಿ ತೆಗೆದುಕೊಂಡರು.